ಬಿದ್ದೆದ್ದವರಿಗೂ ಪಂದ್ಯವಿರಲಿ

ಹವ್ಯಾಸಿಯು ಸೋತರೆ ಅವನ ಮನೆಯ ಒಲೆಯೇನೂ ಆರುವುದಿಲ್ಲ. ಆದರೂ ಸೈಕಲ್ ಪಂದ್ಯದಲ್ಲಿ ಒಮ್ಮೆ ಬಿದ್ದವರು ಮತ್ತೆ ಅತ್ತ ತಲೆ ಹಾಕದಿರುವುದನ್ನು ಕಾಶಿಯಲ್ಲಿ ನೆಲಸಿರುವ ನಮ್ಮ ಕನ್ನಡಿಗರಲ್ಲಿಯೂ ಕಾಣುತ್ತಿದ್ದೇವೆ. ಇದಕ್ಕೆ ಮದ್ದೇನೆಂಬುದನ್ನು ಪರರ ಕಥೆಯಿಂದ ಹೇಳುವುದಕ್ಕೆ ಮೊದಲು ನಮ್ಮದನ್ನೇ ಒಪ್ಪಿಕೊಳ್ಳುವುದು ಪ್ರಾಮಾಣಿಕವಾದೀತು.

ಹೋಟೆಲಿನ ಗಲ್ಲಾದ ಮುಂದೆ ಕುಳಿತು ಹೊಟ್ಟೆ ಬೆಳೆದ ಕಾಲದಲ್ಲಿ, ವೈದ್ಯರ ಮಾತಿಗೆ ನಾವು ಸೈಕಲ್ ಹಿಡಿದೆವು. ಆರೋಗ್ಯಕ್ಕೆಂದು ಹಿಡಿದದ್ದು ವರ್ಷದೊಳಗೆ ಹುಚ್ಚಾಯಿತು. ಊರ ಹೊರಗೆ ನಡೆದ ಹವ್ಯಾಸಿ ಪಂದ್ಯವೊಂದಕ್ಕೆ ಹೆಸರು ಕೊಟ್ಟೆವು. ಗುಂಪಿನಲ್ಲಿ ಮುಂದಿನವನ ಬೆನ್ನಿಗೆ ಹತ್ತಿ, ಗಾಳಿಯ ಮರೆಯಲ್ಲಿ ಸಾಗಿದರೆ ಸುಮಾರು ಕಾಲುಭಾಗದಷ್ಟು ಶ್ರಮ ಉಳಿಯುತ್ತದೆ. ಹಾಗೆ ಸಾಗುತ್ತಿದ್ದ ನಾವು, ಹಿಂದಿನಿಂದ ಯಾರು ಬರುತ್ತಿರುವರೋ ಎಂದು ಹೊರಳಿ ನೋಡಿದೆವು. ಅಷ್ಟರಲ್ಲಿ ನಮ್ಮ ಮುಂಚಕ್ರವು ಮುಂದಿನ ಸವಾರನ ಹಿಂಚಕ್ರಕ್ಕೆ ತಾಗಿತು. ಇಂತಹ ವೇಳೆಯಲ್ಲಿ ಸಾಮಾನ್ಯವಾಗಿ ಮುಂದಿನವನು ಪಾರಾಗುತ್ತಾನೆ, ಹಿಂದಿನವನು ಬೀಳುತ್ತಾನೆ. ನಮ್ಮ ಹೆಗಲಿನ ಎಲುಬು ಮುರಿಯಿತು. ತಪ್ಪು ನಮ್ಮದೇ ಆಗಿತ್ತು.

ಎಲುಬು ಎರಡು ತಿಂಗಳಲ್ಲಿ ಕೂಡಿತು, ಧೈರ್ಯ ಕೂಡಲಿಲ್ಲ. ಸೈಕಲ್ಲು ಉಗ್ರಾಣದಲ್ಲಿ ಅಕ್ಕಿಮೂಟೆಗಳ ಹಿಂದೆ ಧೂಳು ತಿಂದಿತು. ಮನೆಯವರಿಗೆ ಸಮಾಧಾನವಾಯಿತು, ಮಿತ್ರರಿಗೆ ನಗೆಯಾಯಿತು. ಈ ವಯಸ್ಸಿನಲ್ಲಿ ಇದೇಕೆ ಬೇಕಿತ್ತೆಂಬ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ನಮ್ಮಲ್ಲಿ ಕೆಲಸಕ್ಕಿರುವ ಜಮಖಂಡಿ ಸೀಮೆಯ ಹುಡುಗನೊಬ್ಬನು ಒಂದು ದಿನ ಅದನ್ನು ಹೊರಗೆಳೆದು, ಧೂಳು ಒರಸಿ, ಚೈನಿಗೆ ಎಣ್ಣೆ ಬಿಟ್ಟು ನಿಲ್ಲಿಸಿದನು. ವಿಜಯಪುರ, ಬಾಗಲಕೋಟೆಗಳ ಕಡೆ ಸೈಕಲ್ ಶರ್ಯತ್ತಿನ ಮೇಲಿರುವ ಆಸ್ಥೆಯು ವಾಚಕರಿಗೆ ಹೊಸತಲ್ಲ. ರಾಷ್ಟ್ರಮಟ್ಟದ ಎಷ್ಟೋ ಸವಾರರು ಆ ನೆಲದವರು. ವಿಜಯಪುರದ ವೆಲೋಡ್ರೋಮ್ ಕಾಮಗಾರಿ ವರ್ಷಗಟ್ಟಲೆ ಕುಂಟಿದಾಗಲೂ ಅಲ್ಲಿಯ ಮಕ್ಕಳು ಡಾಂಬರು ರಸ್ತೆಯಲ್ಲಿಯೇ ಪಳಗಿ ಪದಕ ತಂದರು. ಆ ನೆಲದ ಹುಡುಗನು, “ಸಾವ್ಕಾರ್ರ, ಶರ್ಯತ್ತು ಬ್ಯಾಡ್ರಿ. ಸುಮ್ನ ಸಾರನಾಥಕ್ಕ ಹೋಗಿ ಬರೂಣು ನಡೀರಿ” ಎಂದನು.

ಗೋದೌಲಿಯಾದ ಗದ್ದಲ ಏಳುವ ಮೊದಲೇ ಜಂಗಮವಾಡಿಯಿಂದ ಹೊರಟು, ಧಮೇಕ ಸ್ತೂಪ ಕಾಣುವವರೆಗೆ ಸುಮಾರು 10 ಕಿಲೋಮೀಟರು. ವೇಗ ತೋರಿಸುವ ಯಂತ್ರವನ್ನು ಕಳಚಿಟ್ಟಿದ್ದೆವು. ಮೊದಲ ದಿನ ಎದುರು ಬಂದ ಪ್ರತಿಯೊಂದು ರಿಕ್ಷಾಕ್ಕೂ ಎದೆ ಝಲ್ಲೆಂದಿತು. ದಿನಗಳೆದಂತೆ ಕೈಯ ನಡುಕ ನಿಂತಿತು. ಮರಳುವಾಗ ಕುಲ್ಹಡದ ಚಹಾ ರುಚಿಸತೊಡಗಿತು. ಒಂದು ಬೆಳಗ್ಗೆ ಹುಡುಗನು ಮುನ್ನುಗ್ಗಿದಾಗ, ನಮಗರಿವಿಲ್ಲದೆಯೇ ಅವನನ್ನು ಬೆನ್ನಟ್ಟಿದೆವು. ಸೋತೆವು, ಏದುಸಿರು ಬಿಡುತ್ತ ನಕ್ಕೆವು. ನಾವು ಕಳೆದುಕೊಂಡಿದ್ದ ವಸ್ತು ಈ ನಗೆಯೇ ಎಂದು ಆಗ ಹೊಳೆಯಿತು. ಮುಂದೆ ಮತ್ತೊಂದು ಪಂದ್ಯದಲ್ಲಿ ಓಡಿ, ಕಡೆಯವರಿಗಿಂತ ಒಬ್ಬರ ಮುಂದೆ ಬಂದೆವು. ಈ ಸಲ ದಾರಿಯಲ್ಲಿ ಹೊರಳಿ ನೋಡಲಿಲ್ಲ. ಗುರಿ ದಾಟಿದ ಮೇಲೆ ನಿಂತು, ಹಿಂದೆ ಉಳಿದವರಿಗಾಗಿ ಕಾದೆವು.

ಇಂಗ್ಲೆಂಡಿನ ಬೆರಿಲ್ ಬರ್ಟನ್ ಎಂಬಾಕೆಯನ್ನು ಇಲ್ಲಿ ನೆನೆಯಬೇಕು. ಬಾಲ್ಯದಲ್ಲಿ ರುಮ್ಯಾಟಿಕ್ ಜ್ವರದಿಂದ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದ ಆಕೆಗೆ ಹೆಚ್ಚು ಶ್ರಮ ಕೂಡದೆಂದು ವೈದ್ಯರು ವಿಧಿಸಿದ್ದರು. ಆಕೆಯಾದರೋ ತೋಟದಲ್ಲಿ ದುಡಿಯುತ್ತ, ಕಡೆಯವರೆಗೂ ಹವ್ಯಾಸಿಯಾಗಿಯೇ ಉಳಿದು, 7 ಬಾರಿ ವಿಶ್ವ ಪ್ರಶಸ್ತಿ ಗೆದ್ದರು. 1967ರಲ್ಲಿ 12 ಗಂಟೆಗಳಲ್ಲಿ 277.25 ಮೈಲಿ, ಅಂದರೆ ಸುಮಾರು 446 ಕಿಲೋಮೀಟರು ಕ್ರಮಿಸಿದರು. ಅದೇ ಪಂದ್ಯದಲ್ಲಿ ಪುರುಷರ ಹೊಸ ದಾಖಲೆ ಸ್ಥಾಪಿಸಿದ ಸವಾರನೂ ಆಕೆಯ ಹಿಂದೆ ಉಳಿದನು. ಅವನನ್ನು ದಾಟುವಾಗ ಆಕೆ ಒಂದು ಮಿಠಾಯಿ ಕೈಗಿತ್ತು ಮುಂದೆ ಸಾಗಿದರು. ಮಿಠಾಯಿ ಕೊಟ್ಟು ಹಿಂದಿಕ್ಕುವ ಆ ಮನಸ್ಸು ನಮ್ಮ ಪಂದ್ಯಗಳಿಗೂ ಬರಲೆಂದು ನಮ್ಮ ಆಶಯ.

ಆಕೆ ಅಂದು ಓಡಿದ್ದು ಗಡಿಯಾರದೊಡನೆ ಓಡುವ ಒಂಟಿ ಓಟ. ಅದರಲ್ಲಿ ಸವಾರರನ್ನು ಒಬ್ಬೊಬ್ಬರಾಗಿ, ಅಂತರವಿಟ್ಟು ಬಿಡುತ್ತಾರೆ. ಪರರ ಬೆನ್ನಿಗೆ ಹತ್ತಿ ಸಾಗುವುದು ನಿಷಿದ್ಧ. ಆದ್ದರಿಂದ ಚಕ್ರಕ್ಕೆ ಚಕ್ರ ತಾಗುವ ಭಯ ಕಡಮೆ. ಬಿದ್ದು ಬೆದರಿದವರು ಪಂದ್ಯಕ್ಕೆ ಮರಳಲು ಇದು ಯೋಗ್ಯವಾದ ಬಾಗಿಲು.

ಹಿರಿಯರು ಇಲ್ಲಿಯ ರಸ್ತೆಗಳ ದನಕರು, ರಿಕ್ಷಾ, ಜನಸಂದಣಿಗಳನ್ನು ತೋರಿಸಿ ಬೇಡವೆನ್ನುತ್ತಾರೆ. ಅವರ ಭಯ ನ್ಯಾಯವಾದುದೇ. ಗಲ್ಲಿಗಳಲ್ಲಿ ಓಟ ಸಲ್ಲದು. ಚಳಿಗಾಲದ ಮಂಜಿನಲ್ಲಂತೂ ಕೂಡದು. ಮಂಜು ಕರಗಿದ ಮೇಲೆ, ಫೆಬ್ರವರಿಯ ಕೊನೆಗೆ, ಪೊಲೀಸರ ಅನುಮತಿಯಿಂದ ವಾಹನ ತಡೆದ ಹೊರರಸ್ತೆಯಲ್ಲಿ 10 ಕಿಲೋಮೀಟರಿನ ಒಂಟಿ ಓಟವನ್ನು ಕಾಶಿಯ ಕನ್ನಡಿಗರು ಏರ್ಪಡಿಸಬಾರದೇಕೆ? ಹೆಲ್ಮೆಟ್ ಕಡ್ಡಾಯವಾಗಲಿ. ಹಾಲು ಹಾಕುವವರ ಸಾದಾ ಸೈಕಲ್ಲಿಗೂ ಒಂದು ವರ್ಗವಿರಲಿ. ಮರುವರ್ಷ ತನ್ನದೇ ಹಳೆಯ ಸಮಯವನ್ನು ಮೀರಿದವರಿಗೂ ಬಹುಮಾನವಿರಲಿ. ಬಂದವರೆಲ್ಲರ ಉಪ್ಪಿಟ್ಟು, ಕಾಫಿಗಳ ಹೊಣೆ ನಮ್ಮದು. ಉಗ್ರಾಣಗಳಲ್ಲಿ ಧೂಳು ತಿನ್ನುತ್ತಿರುವ ಸೈಕಲ್ಲುಗಳ ಒಡೆಯರು ಇದನ್ನು ಯೋಚಿಸಬೇಕೆಂದು ನಮ್ಮ ಅರಿಕೆ.