ಗುಳೆ ಹೋದವರ ಹಿಂದೆ ಕಾರ್ಡೂ ಹೋಗಲಿ

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕಿನ ಹಳ್ಳಿಗಳಲ್ಲಿ ಹಿಂಗಾರಿ ರಾಶಿ ಮುಗಿಯುತ್ತಿದ್ದಂತೆ ಮನೆಗಳಿಗೆ ಬೀಗ ಬೀಳತೊಡಗುತ್ತವೆ. ಕಡಲೆ, ಬಿಳಿಜೋಳ ಮನೆಗೆ ಬಂದರೆ ಎರೆ ಹೊಲದಲ್ಲಿ ಮುಂಗಾರಿಯವರೆಗೆ ಕೆಲಸವಿಲ್ಲ. ಬೆಳೆ ಕೈಕೊಟ್ಟ ವರ್ಷವಂತೂ ರಾಶಿಯವರೆಗೂ ಕಾಯುವವರಿಲ್ಲ. ಹುಬ್ಬಳ್ಳಿ, ಲೋಂಡಾ, ಕ್ಯಾಸಲ್ ರಾಕ್ ದಾಟಿ ಗೋವಾಕ್ಕೆ ಹೋಗುವ ರೈಲಿನಲ್ಲಿ ನಮ್ಮ ಗೌಂಡಿಗಳು, ಸೆಂಟ್ರಿಂಗ್ ಕೆಲಸದವರು, ಕಲ್ಲು-ಮರಳು ಹೊರುವ ಅಕ್ಕಂದಿರು ಇರುತ್ತಾರೆ. ಕೆಲವರು ಮಂಗಳೂರಿಗೆ, ಕೆಲವರು ಬೆಂಗಳೂರಿಗೆ, ಕೆಲವರು ಮಹಾರಾಷ್ಟ್ರಕ್ಕೆ ಹೋಗುತ್ತಾರೆ.

ಗುಳೆ ಹೋಗುವುದು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬಹಳ ಆಗಿದೆ. ನಾವು ಕೇಳುವುದು ಬೇರೆ. ಹೋದವರ ಜೊತೆಗೆ ಸರ್ಕಾರದ ರಕ್ಷಣೆಯೂ ಹೋಗುತ್ತದೆಯೇ? ಊರಲ್ಲಿ ಮಾಡಿಸಿದ ಕಾರ್ಡು ಗಡಿ ದಾಟಿದ ಮೇಲೆ ಕೆಲಸಕ್ಕೆ ಬರುತ್ತದೆಯೇ?

ಇದಕ್ಕೆ ಒಂದು ದೂರದ ಹೋಲಿಕೆ ಕೊಡುತ್ತೇವೆ. ಯುರೋಪಿನ ಉತ್ತರದಲ್ಲಿ ಫಿನ್ಲೆಂಡ್ ಎಂಬ ಚಿಕ್ಕ ದೇಶವಿದೆ. ಅಲ್ಲಿಯ ಕಂಪನಿಯೊಂದು ತನ್ನ ಎಂಜಿನಿಯರನ್ನು ಕೆಲಸಕ್ಕೆಂದು ಭಾರತಕ್ಕೆ ಕಳಿಸಿತು ಎಂದುಕೊಳ್ಳಿ. ಅವನ ಪಿಂಚಣಿ ಖಾತೆ ಮುರಿಯುವುದಿಲ್ಲ. ಕಂಪನಿ ಹೊರಡುವ ಮೊದಲೇ ಅಲ್ಲಿಯ ಪಿಂಚಣಿ ಕೇಂದ್ರದಿಂದ ಒಂದು ಪ್ರಮಾಣಪತ್ರ ತೆಗೆದುಕೊಳ್ಳುತ್ತದೆ. 'ಈತ ನಮ್ಮ ದೇಶದ ರಕ್ಷಣೆಯಲ್ಲೇ ಇದ್ದಾನೆ' ಎಂಬುದೇ ಆ ಕಾಗದದ ತಿರುಳು. ಅದನ್ನು ತೋರಿಸಿದರೆ ಇಲ್ಲಿ ಮತ್ತೆ ಪಿಎಫ್ ಕಟ್ಟಬೇಕಿಲ್ಲ. ಭಾರತ ಮತ್ತು ಫಿನ್ಲೆಂಡ್ ನಡುವೆ 2012ರಲ್ಲಿ ಇದಕ್ಕಾಗಿಯೇ ಒಪ್ಪಂದಕ್ಕೆ ಸಹಿ ಬಿತ್ತು, 2014ರ ಆಗಸ್ಟ್ 1ರಿಂದ ಜಾರಿಗೆ ಬಂತು. ನಮ್ಮ ದೇಶದ ಕಂಪನಿ ಯಾರನ್ನಾದರೂ ಫಿನ್ಲೆಂಡಿಗೆ ಕಳಿಸಿದರೆ ಇಂಥದ್ದೇ ಪ್ರಮಾಣಪತ್ರವನ್ನು ನಮ್ಮ ಪಿಎಫ್ ಸಂಸ್ಥೆ ಕೊಡುತ್ತದೆ. ಬೆಲ್ಜಿಯಂ ಜೊತೆಗಿನ ಇಂಥ ಒಪ್ಪಂದ 2009ರಲ್ಲೇ ಜಾರಿಯಾಯಿತು. ಜರ್ಮನಿ, ಫ್ರಾನ್ಸ್, ಜಪಾನ್ ಜೊತೆಗೂ ಇವೆ.

ಇನ್ನು ನಮ್ಮ ಗಜೇಂದ್ರಗಡದ ಗೌಂಡಿಯ ಕಥೆ ನೋಡಿ. ಆತ ದೇಶ ಬಿಟ್ಟು ಹೋಗುವುದಿಲ್ಲ. ಪಕ್ಕದ ರಾಜ್ಯಕ್ಕೆ ಹೋಗುತ್ತಾನೆ. ಆತನ ಹತ್ತಿರ ಕರ್ನಾಟಕದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು, ಅಂದರೆ ನಾವೆಲ್ಲ ಲೇಬರ್ ಕಾರ್ಡು ಎನ್ನುವುದು, ಇರುತ್ತದೆ. ಕಾನೂನಿನ ಪ್ರಕಾರ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರಿಗೆ ಈ ಕಾರ್ಡು. ಮಕ್ಕಳ ಓದಿಗೆ, ಹೆರಿಗೆಗೆ, ಚಿಕಿತ್ಸೆಗೆ, ಅಪಘಾತಕ್ಕೆ, ಮುಪ್ಪಿನ ಪಿಂಚಣಿಗೆ ಸಹಾಯ ಇದರಿಂದಲೇ ಬರಬೇಕು.

ಈ ಹಣ ಯಾರದು ಎಂಬುದನ್ನು ತಿಳಿದುಕೊಳ್ಳಬೇಕು. ಕಟ್ಟಡ ಕಟ್ಟಿಸುವವರು ಖರ್ಚಿನ ಮೇಲೆ ಶೇಕಡಾ 1ರಷ್ಟು ಸೆಸ್ ಕಟ್ಟಬೇಕು. ಒಂದು ಕೋಟಿಯ ಕಟ್ಟಡಕ್ಕೆ ಒಂದು ಲಕ್ಷ ರೂಪಾಯಿ. ಅದು ಆ ಕಟ್ಟಡ ಇರುವ ರಾಜ್ಯದ ಮಂಡಳಿಗೆ ಸೇರುತ್ತದೆ. ನಮ್ಮವರು ಮಡಗಾಂವದಲ್ಲಿ ಇಟ್ಟಿಗೆ ಇಟ್ಟರೆ ಸೆಸ್ಸು ಗೋವಾ ಮಂಡಳಿಯ ಪೆಟ್ಟಿಗೆಗೆ. ಆದರೆ ಅವರ ಕಾರ್ಡು ಇರುವುದು ಬೆಂಗಳೂರಿನ ಮಂಡಳಿಯ ಪುಸ್ತಕದಲ್ಲಿ. ದುಡಿಮೆ ಒಂದು ಕಡೆ, ಹೆಸರು ಇನ್ನೊಂದು ಕಡೆ.

ಕಾರ್ಡು ನವೀಕರಿಸುವಾಗ ಈ ತೊಡಕು ಎದುರಾಗುತ್ತದೆ. ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು. ಗೋವಾದ ಗುತ್ತಿಗೆದಾರ ಕನ್ನಡದ ನಮೂನೆಗೆ ಸಹಿ ಹಾಕಲು ಒಲ್ಲೆ ಎಂದರೆ ಯಾರನ್ನು ಕೇಳಬೇಕು? ನಕಲಿ ಕಾರ್ಡುಗಳನ್ನು ರದ್ದು ಮಾಡುವುದು ಸರಿಯೇ. ಅಂಗಡಿ ಇಟ್ಟವರು, ಹೊಲ-ಮನೆ ಇದ್ದವರು ಗೌಂಡಿ ಎಂದು ಬರೆಸಿಕೊಂಡಿದ್ದರೆ ಅದು ಕಳ್ಳತನ. ಆದರೆ ಪರಿಶೀಲನೆಗೆ ಬಂದ ದಿನ ಊರಲ್ಲಿ ಸಿಗುವವನು ಅಂಗಡಿಯವನು, ಸಿಗದವನು ನಿಜವಾದ ಗೌಂಡಿ. ಇದನ್ನು ಲೆಕ್ಕಕ್ಕೆ ಹಿಡಿಯದ ಪರಿಶೀಲನೆ ತಪ್ಪು ಮನೆಯ ಬಾಗಿಲು ಬಡಿದಂತೆ.

ಫಿನ್ಲೆಂಡ್ ಶ್ರೀಮಂತ ದೇಶ, ಅಲ್ಲಿಯ ಮಾತು ನಮಗೇಕೆ ಎಂದು ಕೆಲವರು ಕೇಳಬಹುದು. ನಾವು ಅಲ್ಲಿಯಷ್ಟು ಪಿಂಚಣಿ ಕೇಳುತ್ತಿಲ್ಲ. ಒಂದು ಕಾಗದ ಎರಡು ಕಡೆ ನಡೆಯಬೇಕು ಎಂದಷ್ಟೇ ಕೇಳುತ್ತಿದ್ದೇವೆ. ಹಣವೂ ಇದೆ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ದೇಶದಲ್ಲಿ ಅಲ್ಲಿಯವರೆಗೆ 37,400 ಕೋಟಿ ರೂಪಾಯಿಗೂ ಹೆಚ್ಚು ಸೆಸ್ ಸಂಗ್ರಹವಾಗಿತ್ತು, ಕಾರ್ಮಿಕರಿಗೆ ಖರ್ಚಾಗಿದ್ದು ಸುಮಾರು 9,500 ಕೋಟಿ. ಉಳಿದದ್ದು ಪೆಟ್ಟಿಗೆಯಲ್ಲೇ ಇತ್ತು.

ಹಾಗಂತ ಎಲ್ಲವೂ ಗಡಿಯಲ್ಲಿ ನಿಲ್ಲುವುದಿಲ್ಲ. ರೇಷನ್ ಕಾರ್ಡು ಗಡಿ ದಾಟಿದೆ. 2020ರ ಜನವರಿಯಿಂದಲೇ ಕರ್ನಾಟಕ, ಗೋವಾ ಎರಡೂ 'ಒಂದು ದೇಶ ಒಂದು ರೇಷನ್ ಕಾರ್ಡ್' ವ್ಯವಸ್ಥೆಯಲ್ಲಿವೆ. ವಾಸ್ಕೋದಲ್ಲಿ ದುಡಿಯುವವರು ತಮ್ಮ ಪಾಲಿನ ಕೇಂದ್ರದ ಧಾನ್ಯವನ್ನು ಅಲ್ಲೇ ಹೆಬ್ಬೆಟ್ಟು ಒತ್ತಿ ಪಡೆಯಬಹುದು, ಊರಲ್ಲಿರುವ ತಂದೆ-ತಾಯಿ ಉಳಿದದ್ದನ್ನು ಇಲ್ಲಿ ಪಡೆಯಬಹುದು. ಪಿಎಫ್ ನಂಬರೂ ರಾಜ್ಯ ಬದಲಾದರೆ ಬದಲಾಗುವುದಿಲ್ಲ. ಅಂದರೆ ತಿಂಗಳ ಪಗಾರದವರಿಗೆ ಸಾಧ್ಯವಾದದ್ದು, ಅಕ್ಕಿಗೆ ಸಾಧ್ಯವಾದದ್ದು, ದಿನಗೂಲಿ ಗೌಂಡಿಯ ಕಾರ್ಡಿಗೆ ಮಾತ್ರ ಸಾಧ್ಯವಿಲ್ಲ ಎಂದರೆ ನಂಬುವುದು ಹೇಗೆ?

ಇನ್ನೊಂದು ವಿಚಿತ್ರ ನೋಡಿ. ಹತ್ತನೇ ತರಗತಿ ಪಾಸಾಗದವನೊಬ್ಬ ಕೂಲಿಗೆಂದು ದುಬೈಗೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಕಟ್ಟಿದರೆ ಅಪಘಾತದ ಸಾವಿಗೆ 10 ಲಕ್ಷ. ಅದೇ ಮನುಷ್ಯ ಗೋವಾದ ಏಳನೇ ಮಹಡಿಯ ಸಾರುವೆ ಮೇಲೆ ನಿಂತರೆ, ಅವನಿಗೆ ವಿಮೆ ಇದೆಯೇ ಎಂದು ಹೊರಡುವಾಗ ಕೇಳುವವರಿಲ್ಲ.

ಕಾನೂನು ಪೂರ್ತಿ ಸುಮ್ಮನಿದೆ ಎಂದಲ್ಲ. ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಹತ್ತು ಅಥವಾ ಹೆಚ್ಚು ಅಂತರರಾಜ್ಯ ಕಾರ್ಮಿಕರಿರುವ ಕಡೆ, ತಾವೇ ಹುಡುಕಿಕೊಂಡು ಹೋದವರನ್ನೂ ವಲಸೆ ಕಾರ್ಮಿಕರೆಂದು ಎಣಿಸಬೇಕು. ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಖರ್ಚನ್ನು ಮಾಲೀಕ ಕೊಡಬೇಕು. ಸಾಮಾಜಿಕ ಭದ್ರತೆ ಸಂಹಿತೆಗಾಗಿ ಕೇಂದ್ರ 2020ರ ನವೆಂಬರಿನಲ್ಲಿ ಪ್ರಕಟಿಸಿದ ಕರಡು ನಿಯಮದಲ್ಲಿ ಇನ್ನೂ ಸ್ಪಷ್ಟ ಮಾತಿತ್ತು: ಕಟ್ಟಡ ಕಾರ್ಮಿಕ ಬೇರೆ ರಾಜ್ಯಕ್ಕೆ ಹೋದರೆ ಸದ್ಯ ದುಡಿಯುತ್ತಿರುವ ರಾಜ್ಯದ ಮಂಡಳಿಯೇ ಸೌಲಭ್ಯ ಕೊಡಬೇಕು. ಮಾತು ಚೆನ್ನಾಗಿದೆ. ಆದರೆ ಎರಡೂ ಮಂಡಳಿಗಳು ಕೂತು ಮಾತಾಡದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ಮಂಡಳಿಗಳನ್ನು ನಡೆಸುವವರು ರಾಜ್ಯದವರು.

ಕರ್ನಾಟಕ ಮತ್ತು ಗೋವಾ ಕೂತು ಮಾತಾಡುತ್ತವೆಯೇ ಎಂದು ನರಗುಂದದವರು ನಗಬಹುದು. ಮಹದಾಯಿ ನೀರಿಗಾಗಿ 2015ರ ಜುಲೈಯಿಂದ ನಡೆದ ಧರಣಿಯನ್ನು ಅವರು ಮರೆತಿಲ್ಲ. 1980ರ ಜುಲೈಯ ರೈತ ಬಂಡಾಯವನ್ನೂ ಮರೆತಿಲ್ಲ. ನಮ್ಮ ಉತ್ತರ ಇದು: ನೀರಿನ ಜಗಳಕ್ಕೆ ನ್ಯಾಯಮಂಡಳಿಯಾದರೂ ಇತ್ತು, 2018ರಲ್ಲಿ ತೀರ್ಪೂ ಬಂತು. ಅದೇ ಎರಡು ರಾಜ್ಯಗಳ ನಡುವೆ ದುಡಿಯುವ ಮನುಷ್ಯರ ಬಗ್ಗೆ ಕೇಳಲು ಒಂದು ಮೇಜೂ ಇಲ್ಲ. ನೀರಿನ ಜಗಳ ಮುಗಿಯುವವರೆಗೆ ಗೌಂಡಿ ಕಾಯಬೇಕಿಲ್ಲ. ಗೋವಾಕ್ಕೆ ಕಟ್ಟುವ ಕೈ ಬೇಕು, ನಮ್ಮವರಿಗೆ ಕೂಲಿ ಬೇಕು. ಇದರಲ್ಲಿ ಇಬ್ಬರಿಗೂ ನಷ್ಟವಿಲ್ಲ.

ಬೇರೆಯವರು ಮಾಡಿ ತೋರಿಸಿದ್ದಾರೆ. ಇಟ್ಟಿಗೆ ಭಟ್ಟಿ ಕಾರ್ಮಿಕರ ಬಗ್ಗೆ ಒಡಿಶಾ ಮತ್ತು ಆಂಧ್ರಪ್ರದೇಶದ ಕಾರ್ಮಿಕ ಇಲಾಖೆಗಳು 2012ರಲ್ಲಿ ಒಡಂಬಡಿಕೆ ಮಾಡಿಕೊಂಡವು. ಕೇರಳ 2010ರಲ್ಲೇ ಹೊರರಾಜ್ಯದ ಕಾರ್ಮಿಕರಿಗೆ ಕಲ್ಯಾಣ ಯೋಜನೆ ತಂದಿತು.

ಆದ್ದರಿಂದ ನಮ್ಮ ಬೇಡಿಕೆ ಮೂರು.

ಒಂದು, ಕರ್ನಾಟಕದ ಲೇಬರ್ ಕಾರ್ಡನ್ನು ಗೋವಾ ಮಂಡಳಿ ಒಪ್ಪಬೇಕು, ಗೋವಾದಲ್ಲಿ ದುಡಿದ ದಿನಗಳನ್ನು ಕರ್ನಾಟಕ ಮಂಡಳಿ ಎಣಿಸಬೇಕು. ಸೆಸ್ಸಿನ ಲೆಕ್ಕ ಅವರವರೇ ಬಗೆಹರಿಸಿಕೊಳ್ಳಲಿ.

ಎರಡು, ಗುಳೆ ಹೊರಡುವವರಿಗೆ ಗ್ರಾಮ ಪಂಚಾಯಿತಿ ಒಂದು ಪುಟದ ಚೀಟಿ ಕೊಡಬೇಕು. ಯಾರು, ಎಲ್ಲಿಗೆ, ಯಾವ ಮೇಸ್ತ್ರಿ ಜೊತೆ, ಕಾರ್ಡ್ ನಂಬರ್ ಏನು ಎಂಬುದು ಅದರಲ್ಲಿರಲಿ. ಅದರ ಪ್ರತಿ ಪಂಚಾಯಿತಿಯಲ್ಲಿರಲಿ. ಫಿನ್ಲೆಂಡಿನ ಆ ಪ್ರಮಾಣಪತ್ರ ಮಾಡುವ ಕೆಲಸ ಇದಕ್ಕಿಂತ ದೊಡ್ಡದೇನಲ್ಲ.

ಮೂರು, ನಮ್ಮವರು ಹೆಚ್ಚಿರುವ ಗೋವಾದ ಊರುಗಳಲ್ಲಿ ಕನ್ನಡ ಬಲ್ಲ ಒಬ್ಬ ಕಾರ್ಮಿಕ ಅಧಿಕಾರಿ ಕೂರಬೇಕು.

ಊರಲ್ಲೇ ಕೆಲಸ ಕೊಟ್ಟರೆ ಇದೆಲ್ಲ ಯಾಕೆ ಎನ್ನುವವರ ಮಾತೂ ಸರಿ. ಕೊಡಲಿ. ಆದರೆ ಅಲ್ಲಿಯ ಕೂಲಿ ಇಲ್ಲಿಯದಕ್ಕಿಂತ ಹೆಚ್ಚಿರುವವರೆಗೆ ಜನ ಹೋಗುತ್ತಾರೆ. ಹೋಗುವುದು ಅವರ ಹಕ್ಕು.

ಸರ್ಕಾರ ಏಳುವವರೆಗೆ ನೀವೇ ಮಾಡಬಹುದಾದದ್ದನ್ನೂ ಹೇಳುತ್ತೇವೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾಕ್ಕೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ ಅಪಘಾತದಲ್ಲಿ ಸಾವಾದರೆ 2 ಲಕ್ಷ, ಯಾವ ರಾಜ್ಯದಲ್ಲಿದ್ದರೂ ಸರಿ. ಬ್ಯಾಂಕಿನಲ್ಲಿ ಒಪ್ಪಿಗೆ ಕೊಟ್ಟು, ಮೇ ಕೊನೆಯ ವಾರ ಖಾತೆಯಲ್ಲಿ ಹಣ ಇರುವಂತೆ ನೋಡಿಕೊಳ್ಳಿ. ಇ-ಶ್ರಮ್ ಕಾರ್ಡು ಮಾಡಿಸಿ, ಅದರ ಸಹಾಯವಾಣಿ 14434.

ಕೊನೆಯದು ಬಹಳ ಮುಖ್ಯ. ಕೆಲಸದ ಜಾಗದಲ್ಲಿ ಸಾವು, ಅಂಗವೈಕಲ್ಯ ಆದರೆ ಯಾವ ಕಾರ್ಡು ಇಲ್ಲದಿದ್ದರೂ ಮಾಲೀಕ ಪರಿಹಾರ ಕೊಡಲೇಬೇಕು. 1923ರಿಂದ ಇರುವ ಈ ಹಕ್ಕು ಹೊಸ ಸಂಹಿತೆಯಲ್ಲೂ ಇದೆ. 30 ವರ್ಷದವನ ತಿಂಗಳ ಕೂಲಿ 15 ಸಾವಿರ ಎಂದು ಹಿಡಿದರೆ, ಸಾವಿಗೆ ಕಾನೂನಿನ ಲೆಕ್ಕದಲ್ಲಿ 15 ಲಕ್ಷಕ್ಕೂ ಹೆಚ್ಚು ಆಗುತ್ತದೆ. ಮೇಸ್ತ್ರಿ ಐವತ್ತು ಸಾವಿರ ಕೈಗಿಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಬಂದರೆ ಈ ಲೆಕ್ಕ ನೆನಪಿರಲಿ. ಮೇಸ್ತ್ರಿ ಓಡಿಹೋದರೂ ಅವನಿಗೆ ಕೆಲಸ ಕೊಟ್ಟ ದೊಡ್ಡ ಮಾಲೀಕನ ಹೊಣೆ ತಪ್ಪುವುದಿಲ್ಲ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಅರ್ಜಿ ಹಾಕಲು ಗೋವಾಕ್ಕೆ ಅಲೆಯಬೇಕಿಲ್ಲ, ಮನೆಯವರು ವಾಸವಿರುವ ಕಡೆಯ ಪರಿಹಾರ ಆಯುಕ್ತರ ಮುಂದೆಯೇ ಹಾಕಬಹುದು. ಅದಕ್ಕೆ ಪುರಾವೆ ಬೇಕು. ಕೂಲಿಯನ್ನು ಆದಷ್ಟು ಫೋನಿಗೆ, ಬ್ಯಾಂಕಿಗೆ ಹಾಕಿಸಿಕೊಳ್ಳಿ. ಕೆಲಸದ ಜಾಗದ ಬೋರ್ಡಿನ ಫೋಟೊ ತೆಗೆದು ಮನೆಯವರಿಗೆ ಕಳಿಸಿ.

ಮುಂದಿನ ಗ್ರಾಮಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ಈ ವರ್ಷ ನಮ್ಮೂರಿಂದ ಎಷ್ಟು ಮಂದಿ ಗುಳೆ ಹೋಗಿದ್ದಾರೆ, ಅವರ ಹೆಸರು ಯಾವ ಪುಸ್ತಕದಲ್ಲಿದೆ? ಉತ್ತರ ಸಿಗದಿದ್ದರೆ, ಆ ಪುಸ್ತಕವನ್ನು ಅಂದೇ ತೆರೆಯಲು ಠರಾವು ಮಾಡಿಸಿ.