ಮಲ್ಲಿಗೆ ಬೈಯೋ ಮುಂಚೆ

ಕಡಲೆಕಾಯಿ ಪರಿಷೆಯ ಮರುದಿನ ಬೆಳಗ್ಗೆ ಆರೂವರೆಗೆ ಅಮ್ಮನ ಕೂಗಿಗೆ ಎದ್ದೆ. ಸ್ನಾನ ಮಾಡಿ ದೇವರ ಮನೆಗೆ ಹೊರಟಿದ್ದವಳ ಪಾದ ಹೊಸಲಿನ ಹತ್ತಿರ ಒದ್ದೆಯಾಗಿತ್ತು. ನೀರು ಅಂದ್ಕೊಂಡ್ಳಂತೆ. ನೀರಲ್ಲ. ಮೂಲೆಯಲ್ಲಿ ಮಲ್ಲಿ ಕಿವಿ ಹಿಂದಕ್ಕೆ ಮಡಚಿ, ಗೋಡೆ ಕಡೆ ಮುಖ ಮಾಡಿ ಕೂತಿದ್ದಳು.

ಮಲ್ಲಿಗೆ ಏಳು ವರ್ಷ. ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಹಿಂದೆ ಸಿಕ್ಕ ಬೀದಿ ಮರಿ, ಅದಕ್ಕೇ ಆ ಹೆಸರು. ನಮ್ಮದು ಬಸವನಗುಡಿಯ ಹಳೇ ಮನೆಯ ಮಹಡಿ ಭಾಗ, ಅಂಗಳ ಇಲ್ಲ. ಆದರೂ ಬಂದ ಎರಡು ತಿಂಗಳಲ್ಲೇ ಎಲ್ಲಾ ಕಲಿತಳು. ಅಲ್ಲಿಂದ ಇಲ್ಲೀವರೆಗೆ ಮನೆಯೊಳಗೆ ಒಂದು ಹನಿ ಬಿದ್ದಿರಲಿಲ್ಲ. ದೀಪಾವಳಿ ಪಟಾಕಿಗೆ ಮಂಚದಡಿ ಗಡಗಡ ನಡುಗುವಾಗಲೂ ಇಲ್ಲ.

ನಾನೇನು ಮಾಡಿದೆ? ಕಾಲರ್ ಹಿಡಿದು ಒದ್ದೆ ಜಾಗಕ್ಕೆ ಎಳ್ಕೊಂಡು ಹೋಗಿ, "ನೋಡು, ಏನ್ ಮಾಡಿದೀಯ ನೋಡು" ಅಂತ ಪೇಪರ್ ಸುರುಳಿ ಸುತ್ತಿ ನೆಲಕ್ಕೆ ಬಡಿದೆ. ಆಮೇಲೆ ಬಾಲ್ಕನಿಯಲ್ಲಿ ಕಟ್ಟಿ ಆಫೀಸಿಗೆ ಹೋದೆ. ಬರೆಯೋಕೆ ನಾಚಿಕೆಯಾಗುತ್ತೆ, ಆದರೆ ಮಾಡಿದ್ದು ಅದೇ.

ಪರಿಷೆಯ ಜನ, ಪೀಪಿ ಸದ್ದಿಗೆ ಹೆದರಿರಬೇಕು ಅಂತ ಮೊದಲು ಅಂದ್ಕೊಂಡೆ. ಬುಲ್ ಟೆಂಪಲ್ ರಸ್ತೆಯ ಕಡಲೆಕಾಯಿ ರಾಶಿಗಳೆಲ್ಲ ಖಾಲಿಯಾದ ಮೇಲೂ ಇದು ನಿಲ್ಲಲಿಲ್ಲ. ಸೋಫಾ ಪಕ್ಕ, ಅಡುಗೆಮನೆ ಬಾಗಿಲು, ಮತ್ತೆ ಅದೇ ಹೊಸಲು. ಕೆಳಗಿನ ಮನೆ ಆಂಟಿ, "ಹಟ ಕಣಮ್ಮಾ, ನೀವೆಲ್ಲ ಮದುವೆಗೆ ಹೋಗಿದ್ರಲ್ಲ, ಅದರ ಸೇಡು" ಅಂದರು. ಅಮ್ಮ ಒಂದು ರಾತ್ರಿ ಊಟಕ್ಕೆ ಬಡಿಸುತ್ತಾ, "ದೊಡ್ಡಮ್ಮನ ತೋಟಕ್ಕೆ ಬಿಟ್ಟು ಬರೋಣ ಕಣೇ, ನನ್ ಕೈಲಿ ಆಗಲ್ಲ" ಅಂದ್ಳು. ನಾನು ಬೇಡ ಅನ್ನಲಿಲ್ಲ.

ತಪ್ಪು ಮಾಡಿದ ಮುಖ ಇರುತ್ತಲ್ಲ, ಅದನ್ನೇ ನಾನು ಸಾಕ್ಷಿ ಅಂತ ನಂಬಿದ್ದು. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳನ್ನಿಟ್ಟುಕೊಂಡು ಇದನ್ನೇ ಪರೀಕ್ಷಿಸಿದ್ದರು. ನಾಯಿ ತಪ್ಪು ಮಾಡಿತ್ತೋ ಇಲ್ಲವೋ ಅನ್ನುವುದಕ್ಕೂ ಆ ಮುಖಕ್ಕೂ ಸಂಬಂಧವೇ ಕಾಣಲಿಲ್ಲ. ಮಾಲೀಕರು ಬೈದಾಗ ಆ ಮುಖ ಬರುತ್ತಿತ್ತು, ಅಷ್ಟೇ. ಮಲ್ಲಿ ಗೋಡೆ ನೋಡುತ್ತಿದ್ದದ್ದು ಅಮ್ಮನ ಕೂಗು ಕೇಳಿ.

ಕೊನೆಗೆ ಶನಿವಾರ ಡಾಕ್ಟರ ಹತ್ತಿರ ಹೋದೆ. ನಾನು ಟ್ರೈನರ್ ನಂಬರ್ ಕೇಳಿದೆ, ಅವರು ನನ್ನನ್ನೇ ಪ್ರಶ್ನೆ ಕೇಳೋಕೆ ಶುರುಮಾಡಿದರು. ಒಂದೊಂದು ಸಲ ಎಷ್ಟು ಹೊಯ್ಯುತ್ತೆ? ಕೂತು ಹೊಯ್ಯುತ್ತೋ, ನಿದ್ದೆಯಲ್ಲಿ ತಾನಾಗಿ ಸೋರುತ್ತೋ? ನೀರು ಎಷ್ಟು ಕುಡಿಯುತ್ತೆ?

ಉತ್ತರದ ಮೇಲೆ ದಾರಿ ಬೇರೆಯಾಗುತ್ತಂತೆ. ಮಲಗಿ ಎದ್ದ ಜಾಗ ಒದ್ದೆಯಿದ್ದರೆ ಅದು ಹಿಡಿತ ಸಡಿಲವಾಗಿರೋದು. ಸಂತಾನಹರಣ ಆಗಿರುವ ಹೆಣ್ಣು ನಾಯಿಗಳಲ್ಲಿ ವರ್ಷಗಳ ನಂತರವೂ ಹೀಗಾಗಬಹುದು, ಮಾತ್ರೆಯಿದೆ. ಗಂಡು ನಾಯಿ ಕುರ್ಚಿ ಕಾಲಿಗೆ ಕಾಲೆತ್ತಿ ಚೂರೇ ಚೂರು ಚಿಮುಕಿಸಿದರೆ ಗುರುತು ಹಾಕುತ್ತಿದೆ ಅಂತ. ಬಟ್ಟಲುಗಟ್ಟಲೆ ನೀರು ಕುಡಿದು ಕೆರೆಯಂತೆ ಹೊಯ್ದರೆ ಸಕ್ಕರೆ ಕಾಯಿಲೆ, ಮೂತ್ರಪಿಂಡ, ಹಾರ್ಮೋನು ಎಲ್ಲಾ ನೋಡಬೇಕು. ದಿನಕ್ಕೆ ಕೆಜಿಗೆ 100 ಮಿಲಿ ದಾಟಿದರೆ ಜಾಸ್ತಿ ಅಂತ ಲೆಕ್ಕ. ಮಲ್ಲಿ 18 ಕೆಜಿ, ಅಂದರೆ 1,800 ಮಿಲಿ. ಬಾಟಲಿಯಲ್ಲಿ ಅಳೆದು ಬಟ್ಟಲಿಗೆ ಸುರಿದು ನೋಡಿದೆ, 900 ದಾಟಲಿಲ್ಲ. ಅವಳದು ಪದೇ ಪದೇ, ಸ್ವಲ್ಪ ಸ್ವಲ್ಪ, ತಿಣುಕಿ ತಿಣುಕಿ. ಉರಿಮೂತ್ರದ ಲಕ್ಷಣ.

ಇನ್ನೆರಡು ಮಾತು ಡಾಕ್ಟರು ಒತ್ತಿ ಹೇಳಿದರು. ನಾಯಿ ತಿಣುಕಿಯೂ ಹನಿ ಬರದಿದ್ದರೆ, ಅದರಲ್ಲೂ ಗಂಡಾದರೆ, ನಾಳೆಗೆ ಅಂತ ಕಾಯಬೇಡಿ, ಆ ಕ್ಷಣವೇ ಹೊರಡಿ. ಸಂತಾನಹರಣ ಆಗದ ಹೆಣ್ಣು ಬೆದೆ ಮುಗಿದ ಕೆಲವು ವಾರಕ್ಕೆ ವಿಪರೀತ ನೀರು ಕುಡಿಯುತ್ತಾ ಮಂಕಾಗಿದ್ದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು, ಅದೂ ಅಷ್ಟೇ ಅರ್ಜೆಂಟು.

ಮೂತ್ರ ಹಿಡಿಯೋದು ಬೇರೆ ಕಥೆ. ಬೆಳಗಿನ ಮೊದಲನೆಯದೇ ಆಗಬೇಕು, ಒಂದೆರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು, ಇಲ್ಲವಾದರೆ ಫ್ರಿಜ್ಜಿನಲ್ಲಿಡಬೇಕು. (ಅಮ್ಮನ ಫ್ರಿಜ್ಜಿನಲ್ಲಿ! ಆ ಮಾತೇ ಎತ್ತಲಿಲ್ಲ.) ಮಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಿದ್ದ ಹಾಗೇ ಹಿಂದಿನಿಂದ ಉದ್ದ ಹಿಡಿಯ ಸೌಟು ತೂರಿಸಿದೆ. ವಾಕಿಂಗ್ ಬಂದಿದ್ದ ಇಬ್ಬರು ತಾತಂದಿರು ನಿಂತು ನೋಡಿದರು. ಮನೆಗೆ ಬಂದರೆ ಅಮ್ಮ, "ಅಯ್ಯೋ, ಅದು ಸಾರಿನ ಸೌಟು ಕಣೇ!"

ಸೋಂಕಿತ್ತು, ರಕ್ತದ ಕಣ ಇತ್ತು. ಸ್ಕ್ಯಾನಿನಲ್ಲಿ ಮೂತ್ರಕೋಶದೊಳಗೆ ಸಣ್ಣ ಕಲ್ಲುಗಳು. ಇವಳ ಕಲ್ಲು ಸೋಂಕಿನಿಂದ ಬರುವ ಜಾತಿಯದಿರಬೇಕು, ಬೇರೆ ಊಟ ಮತ್ತು ಆ್ಯಂಟಿಬಯೋಟಿಕ್‌ನಿಂದ ಕರಗೋ ಸಾಧ್ಯತೆಯಿದೆ, ಇನ್ನೊಂದು ಜಾತಿಯಾಗಿದ್ದರೆ ಆಪರೇಷನ್ನೇ ಅಂದರು ಡಾಕ್ಟರು. ಆಮೇಲೆ ಕೇಳಿದರು: "ದಿನಕ್ಕೆ ಎಷ್ಟು ಹೊತ್ತು ತಡ್ಕೊಂಡಿರ್ತಾಳೆ?"

ಬೆರಳು ಮಡಚಿ ಎಣಿಸಿದೆ. ವರ್ಕ್ ಫ್ರಮ್ ಹೋಮ್ ಇದ್ದಾಗ ಮಧ್ಯಾಹ್ನ ಒಂದು ಸುತ್ತು ಹಾಕಿಸುತ್ತಿದ್ದೆ. ಈಗ ವಾರಕ್ಕೆ ನಾಲ್ಕು ದಿನ ಆಫೀಸು. ಬೆಳಗ್ಗೆ ಎಂಟಕ್ಕೆ ಕರ್ಕೊಂಡು ಹೋದರೆ ಮತ್ತೆ ರಾತ್ರಿ ಎಂಟಕ್ಕೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಇಳಿಯೋದು ಕಷ್ಟ. ಹನ್ನೆರಡು ಗಂಟೆ. ಅದೊಂದೇ ಕಾರಣ ಅನ್ನಲಾಗದು, ಆದರೆ ತಡೆದಿಟ್ಟುಕೊಂಡಷ್ಟೂ ಸೋಂಕಿಗೆ ಅನುಕೂಲ ಅಂದರು.

ಮನೆಗೆ ಬಂದು ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮಧ್ಯಾಹ್ನ ಬಾಗಿಲು ಕೆರೀತಿತ್ತು ಕಣೇ. ನಾನೇ ಗದರಿಸಿ ಮಲಗಿಸ್ತಿದ್ದೆ." ತೋಟದ ಮಾತು ಆಮೇಲೆ ಬರಲಿಲ್ಲ.

ಮಾತ್ರೆ ಶುರುವಾದ ಮೇಲೂ ಹೊಸಲಿನ ಜಾಗ ಮಾತ್ರ ಬಿಡಲಿಲ್ಲ. ನಮ್ಮದು ಹಳೇ ಕೆಂಪು ಗಾರೆ ನೆಲ, ಕೂದಲೆಳೆಯಂಥ ಬಿರುಕುಗಳು, ವಾಸನೆ ಅಲ್ಲೇ ಕೂತಿರುತ್ತೆ. ಫಿನೈಲ್ ನಮ್ಮ ಮೂಗಿಗೆ ಸಮಾಧಾನ, ನಾಯಿ ಮೂಗಿಗೆ ಕೆಳಗಿನ ವಾಸನೆ ಹಾಗೇ ಸಿಗುತ್ತೆ. ಯೂಟ್ಯೂಬ್ ನೋಡಿ ವಿನೆಗರ್ ಸುರಿದೆ, ನೆಲದ ಹೊಳಪು ಹೋಗಿ ಬಿಳಿಚಿಕೊಂಡಿತು. ಹುಳಿ ಗಾರೆಯನ್ನು ತಿನ್ನುತ್ತೆ, ದಯವಿಟ್ಟು ನೀವು ಮಾಡಬೇಡಿ. ಹಳೇ ಪಂಚೆ ತುಂಡಿನಿಂದ ಒತ್ತಿ ಹೀರಿಸಿ, ಪೆಟ್ ಶಾಪಿನಲ್ಲಿ ಸಿಗುವ ಎಂಜೈಮ್ ಕ್ಲೀನರ್ ಹಾಕಿ, ಬಾಟಲಿಯಲ್ಲಿ ಬರೆದಷ್ಟು ಹೊತ್ತು ಬಿಟ್ಟ ಮೇಲೆ ವಾಸನೆ ಹೋಯಿತು. ಎರಡು ವಾರ ಮರಿಗೆ ಕಲಿಸಿದ ಹಾಗೇ ಮತ್ತೆ ಕಲಿಸಿದೆ: ಎದ್ದ ತಕ್ಷಣ ಹೊರಗೆ, ಉಂಡ ತಕ್ಷಣ ಹೊರಗೆ, ಹೊಯ್ದ ತಕ್ಷಣ ಒಂದು ತುಂಡು ಬಿಸ್ಕತ್ತು. (ಬಿಸ್ಕತ್ತಿಗೂ ಡಾಕ್ಟರ ಒಪ್ಪಿಗೆ ಬೇಕಾಯಿತು, ಪಥ್ಯ ನೋಡಿ.)

ಈಗ ಕೆಳಗಿನ ಮನೆ ಆಂಟಿ ಮಗ, ಬೆಳಗಿನ ಕಾಲೇಜು ಮುಗಿಸಿ ಬರುವ ಹುಡುಗ, ಮಧ್ಯಾಹ್ನ ಎರಡಕ್ಕೆ ಅವಳನ್ನು ಕೃಷ್ಣರಾವ್ ಪಾರ್ಕಿನ ಸುತ್ತ ಒಂದು ರೌಂಡ್ ಹೊಡೆಸುತ್ತಾನೆ. ತಿಂಗಳಿಗೆ ಇಷ್ಟು ಅಂತ ಕೊಡುತ್ತೇನೆ. ಕಲ್ಲು ಇನ್ನೂ ಪೂರ್ತಿ ಕರಗಿಲ್ಲ, ಮುಂದಿನ ತಿಂಗಳು ಮತ್ತೆ ಸ್ಕ್ಯಾನ್.

ಅಡುಗೆಮನೆಯಲ್ಲಿ ಆ ಸೌಟು ಬೇರೆ ಮೊಳೆಗೆ ನೇತಾಡುತ್ತಿದೆ, ಹಿಡಿಗೆ ಕೆಂಪು ದಾರ ಕಟ್ಟಿಕೊಂಡು. ಮೊನ್ನೆ ಬುಧವಾರ ಕ್ಲೈಂಟ್ ಕಾಲ್ ಮಧ್ಯೆ ಅಮ್ಮನ ಫೋನು. ಏನಾಯ್ತೋ ಅಂತ ಮ್ಯೂಟ್ ಮಾಡಿ ಎತ್ತಿದೆ.

"ಹೋಗಿ ಬಂದ್ಳು ಕಣೇ. ಚೆನ್ನಾಗಿ ಹೊಯ್ದಳಂತೆ, ಹುಡುಗ ಹೇಳ್ದ. ಇಡ್ತೀನಿ."