ಗಿಡ ಬಿತ್ತು, ಮನೆ ಬಿತ್ತು, ಕಾಗದದಲ್ಲಿ ಮಾತ್ರ ಬೀಳಲಿಲ್ಲ!



"ಸರ್, ರಾತ್ರಿ ನಮ್ಮ ಮನಿ ಮ್ಯಾಲ ಗಿಡ ಬಿತ್ರೀ. ಅದಕ್ಕ ಅಭ್ಯಾಸ ಮಾಡಿಲ್ರೀ."

2024ರ ಏಪ್ರಿಲ್ ಕೊನೆಯ ವಾರ. ಮುಂಜಾನೆ ಶಾಲೆ ನಡೆದಿತ್ತು. ಐದನೆಯ ಇಯತ್ತೆಯ ಹುಡುಗಿ ಇಷ್ಟು ಹೇಳಿ ಸುಮ್ಮನೆ ತನ್ನ ಜಾಗದಲ್ಲಿ ಕುಳಿತಳು. ಗೃಹಪಾಠ ತಪ್ಪಿಸಿಕೊಳ್ಳಲು ನಮ್ಮ ಮಕ್ಕಳು ಎಂತೆಂಥ ನೆಪ ಹೇಳುತ್ತಾರೆಂದು ಶಿಕ್ಷಕರಾದ ನಿಮಗೆ ಗೊತ್ತಿದೆ. ಇದು ನೆಪ ಆಗಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅವರ ವಸ್ತಿಗೆ ಹೋದೆ.

ಎರಡು ಖೋಲಿಯ ಪತ್ರಾಸಿನ ಮನೆ. ಹಿಂದಿನ ರಾತ್ರಿಯ ಅಡ್ಡಮಳೆ ಬಿರುಗಾಳಿಗೆ ಹಿತ್ತಲಿನ ಬೇವಿನ ಗಿಡ ಬುಡಸಮೇತ ಕಿತ್ತು ಅಡುಗೆ ಖೋಲಿಯ ಮೇಲೆ ಬಿದ್ದಿತ್ತು. ಒಂದು ಗೋಡೆ ಕುಸಿದು, ತೊಲೆ ಮುರಿದು, ಪತ್ರಾಸು ಹಾರದಿರಲೆಂದು ಮೇಲೆ ಹೇರಿದ್ದ ಕಲ್ಲುಗಳು ಒಳಗೆ ಬಿದ್ದಿದ್ದವು. ಎಲ್ಲರೂ ಇನ್ನೊಂದು ಖೋಲಿಯಲ್ಲಿ ಮಲಗಿದ್ದರಿಂದ ಬದುಕಿದರು. ನಾನು ಹೋಗುವಷ್ಟರಲ್ಲಿ ನೆರೆಯವರು ಕೊಡಲಿ ತಂದು ಗಿಡ ಕಡಿದು, ಬಾಗಿದ ಪತ್ರಾಸನ್ನು ಬಡಿದು ನೇರ ಮಾಡಿ ಮತ್ತೆ ಮೇಲೆ ಹಾಕುತ್ತಿದ್ದರು. ಮತ್ತೆ ಮೋಡ ಕವಿದಿತ್ತು, ಅವರೇನು ಮಾಡಬೇಕು? ಯಾರೂ ಒಂದೂ ಫೋಟೋ ತೆಗೆದಿರಲಿಲ್ಲ. ನನಗೂ ಆಗ ಅದು ಹೊಳೆಯಲಿಲ್ಲ!

ಐದನೆಯ ದಿನ ಪಂಚನಾಮೆ ಆಯಿತು. ಊರಿನ ಹೆಸರು, ಮನೆತನದ ಹೆಸರು ಬರೆಯುವುದಿಲ್ಲ. ಅವರು ಇನ್ನೂ ಅದೇ ಕಚೇರಿಯ ಮೆಟ್ಟಿಲು ಹತ್ತಬೇಕಲ್ಲ... ಮುಂದೆ ಒಂದು ತಿಂಗಳಾದರೂ ಹಣ ಬರಲಿಲ್ಲವೆಂದು ಹುಡುಗಿಯ ತಾಯಿ ಒಂದು ಕಾಗದ ಹಿಡಿದು ನನ್ನ ಬಳಿ ಬಂದಳು. ಮೋಡಿ ಲಿಪಿಯಂತೆ ಗೀಚಿದ ಮರಾಠಿ. ನಾನೇ ಎರಡು ಸಲ ಓದಬೇಕಾಯಿತು. ಅದರಲ್ಲಿ ಇದ್ದದ್ದು: ‘ಅಂಶತಃ ಪಡಝಡ, ದಹಾ ಟಕ್ಕೆ.’ ಅಂದರೆ ಭಾಗಶಃ ಹಾನಿ, ಶೇಕಡಾ ಹತ್ತು. ಕೆಳಗೆ ದುಂಡಗಿನ ಚಂದದ ಕನ್ನಡದಲ್ಲಿ ಆಕೆಯ ಸಹಿ.

ಆ ಸಹಿ ಆಕೆಗೆ ಕಲಿಸಿದವನು ನಾನೇ. 2003ರಲ್ಲಿ ನಾಲ್ಕನೆಯ ಇಯತ್ತೆಯಲ್ಲಿ ನನ್ನ ವಿದ್ಯಾರ್ಥಿನಿ.

ಈ ಹತ್ತು ಟಕ್ಕೆಯ ಮರ್ಮ ಕೇಳಿ. 2022-23ರಿಂದ 2025-26ರ ಅವಧಿಗೆ ಕೇಂದ್ರ ಗೃಹ ಖಾತೆ ರಾಜ್ಯಗಳ ಆಪತ್ತು ನಿಧಿಗೆ ಹಾಕಿಕೊಟ್ಟ ಮಾಪದಂಡದ ಪ್ರಕಾರ ಬಯಲು ಪ್ರದೇಶದಲ್ಲಿ ಮನೆ ಪೂರ್ತಿ ಬಿದ್ದರೆ 1,20,000 ರೂಪಾಯಿ. ಭಾಗಶಃ ಬಿದ್ದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಆದರೆ ಈ ಭಾಗಶಃ ಎನ್ನುವುದು ಕನಿಷ್ಠ ಶೇಕಡಾ 15 ಇರಬೇಕು! ಹದಿನೈದಕ್ಕೆ ಒಂದು ಕಡಿಮೆಯಾದರೂ ಸೊನ್ನೆ. ಎರಡು ಖೋಲಿಯಲ್ಲಿ ಒಂದು ಖೋಲಿಯ ಗೋಡೆ, ತೊಲೆ, ಮಾಡು ಹೋದರೆ ಅದು ಶೇಕಡಾ ಹತ್ತು ಹೇಗಾಗುತ್ತದೆ? ನಮ್ಮ ಐದನೆಯ ಇಯತ್ತೆಯ ಮಕ್ಕಳನ್ನು ಕೇಳಿದರೂ ಹೇಳುತ್ತಾರೆ. ಆದರೆ ಮನೆಯಾಕೆಯೇ "ಹೌದು, ಹತ್ತೇ" ಎಂದು ಸಹಿ ಮಾಡಿ ಕೊಟ್ಟಂತಾಯಿತು.

ತಲಾಠಿಯನ್ನು ನಾನು ಬಯ್ಯುವುದಿಲ್ಲ. (ಸರಕಾರ 2024ರಲ್ಲಿ ಅವರ ಪದನಾಮ ಬದಲಿಸಿ ಗ್ರಾಮ ಮಹಸೂಲ ಅಧಿಕಾರಿ ಎಂದು ಮಾಡಿತು. ಜನ ಇನ್ನೂ ತಲಾಠಿ ಅಂತಲೇ ಕರೆಯುತ್ತಾರೆ.) ಒಬ್ಬರಿಗೇ ಹಲವು ಊರು. ಅವರು ಬಂದಾಗ ಗಿಡ ಇರಲಿಲ್ಲ, ಪತ್ರಾಸು ಮೇಲಿತ್ತು, ಕಂಡದ್ದನ್ನು ಬರೆದರು. ಬಾಯಿಂದ ಕನ್ನಡ ಮಾತಾಡುವ ತಲಾಠಿಗಳೂ ನಮ್ಮಲ್ಲಿ ಇದ್ದಾರೆ. ತಕರಾರು ಇರುವುದು ಕಾಗದದ್ದು. ಮನೆ ಕಳೆದುಕೊಂಡವರು ಓದಲಾರದ ಭಾಷೆಯಲ್ಲಿ ಅವರ ಮನೆಯ ಲೆಕ್ಕ ಬರೆದು, ಅವರಿಂದಲೇ ಸಹಿ ತೆಗೆದುಕೊಳ್ಳುವ ಈ ಪದ್ಧತಿ ಅನ್ಯಾಯ. ಅದನ್ನು ಇಷ್ಟು ವರ್ಷ ಬಾಯಿ ಮುಚ್ಚಿ ನಡೆಸಿಕೊಂಡು ಬಂದ ನಾವು, ಕನ್ನಡ ಶಾಲೆಯವರು, ಅದರಲ್ಲಿ ಪಾಲುದಾರರು.

"ಸರ್, ಮಹಾರಾಷ್ಟ್ರದಾಗ ಇದ್ದೀರಿ, ಮರಾಠಿ ಕಲೀರಿ" ಎನ್ನುವವರಿದ್ದಾರೆ. ಕಲಿಯುತ್ತೇವೆ ಸ್ವಾಮಿ! ನಮ್ಮ ಶಾಲೆಗಳಲ್ಲಿ ಮರಾಠಿ ಇದೆ, 2020ರ ಕಾಯಿದೆಯಿಂದ ಎಲ್ಲ ಮಾಧ್ಯಮದವರಿಗೂ ಕಡ್ಡಾಯವಾಗಿದೆ. ನಾನೇ ಕಲಿಸುತ್ತೇನೆ, ಪ್ರೀತಿಯಿಂದ ಕಲಿಸುತ್ತೇನೆ. ಆದರೆ ಪಾಠದ ಮರಾಠಿ ಬೇರೆ, ಮಹಸೂಲು ಖಾತೆಯ ಮರಾಠಿ ಬೇರೆ. ‘ಪಡಝಡ’ ಎಂಬ ಶಬ್ದ ಯಾವ ಪಾಠದಲ್ಲಿ ಬಂದಿತ್ತು?

ಇನ್ನು ನಮ್ಮವರ ಮಾತು. ನವೆಂಬರ್ 1 ಬಂತೆಂದರೆ ಮಹಾಜನ ವರದಿ ನೆನಪಾಗುತ್ತದೆ. 1967ರಲ್ಲಿ ಅಕ್ಕಲಕೋಟ ತಾಲೂಕನ್ನು ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ಅದು ಹೇಳಿದ್ದು ನಿಜ. 2022ರ ನವೆಂಬರದಲ್ಲಿ ಎರಡೂ ಕಡೆಯ ಮುಖಂಡರು ಮತ್ತೆ ಜತ್ತ, ಅಕ್ಕಲಕೋಟದ ಹೆಸರು ಎತ್ತಿ ಮಾತಾಡಿದ್ದೂ ನಿಜ. ಬೆಂಗಳೂರಿನಿಂದ ಅತಿಥಿಗಳು ಬರುತ್ತಾರೆ, ಶಾಲು ಹೊದಿಸುತ್ತೇವೆ, ಚಪ್ಪಾಳೆ ತಟ್ಟುತ್ತೇವೆ. ಇಷ್ಟು ವರ್ಷಗಳ ಭಾಷಣದಲ್ಲಿ ಪಂಚನಾಮೆಯ ನಮೂನೆಯನ್ನು ಕನ್ನಡದಲ್ಲಿ ಕೊಡಿ ಎಂದು ಯಾರಾದರೂ ಕೇಳಿದ್ದನ್ನು ನಾನು ಕೇಳಿಲ್ಲ. ನಾನೂ ಕೇಳಿಲ್ಲ, ತಪ್ಪು ನನ್ನದೂ ಹೌದು.

ಸಂವಿಧಾನದ 350-ಎ ವಿಧಿ ನಮ್ಮ ಎಲ್ಲ ಶಿಕ್ಷಕರಿಗೂ ಬಾಯಿಪಾಠ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ, ನಮ್ಮ ಅನ್ನದ ಆಧಾರ ಅದೇ. ಅದರ ಮೇಲಿನ 350ನ್ನು ಎಷ್ಟು ಜನ ಓದಿದ್ದೀರಿ? ತನ್ನ ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬ ವ್ಯಕ್ತಿಗೂ ಇದೆ ಎನ್ನುತ್ತದೆ ಅದು. ಮಕ್ಕಳಿಗೆ ಕನ್ನಡ ಕಲಿಸುವ ಹಕ್ಕನ್ನು ಹಿಡಿದುಕೊಂಡೆವು, ಕಲಿತ ಕನ್ನಡದಲ್ಲಿ ಅರ್ಜಿ ಬರೆಯುವ ಹಕ್ಕನ್ನು ಬಿಟ್ಟುಬಿಟ್ಟೆವು!

ಹಾಗಾದರೆ ಮನೆ ಮೇಲೆ ಗಿಡ ಬಿದ್ದಾಗ ಏನು ಮಾಡಬೇಕು? ಪಾಲಕರ ಸಭೆಯಲ್ಲಿ ಇದನ್ನು ಓದಿ ಹೇಳಿ.

ಮೊದಲು ಜನ, ಆಮೇಲೆ ಸಾಮಾನು. ಎಲ್ಲರೂ ಹೊರಗೆ ಬರಬೇಕು, ಕಾಳಿನ ಚೀಲ ತರಲು ಒಳಗೆ ಹೋಗಬಾರದು. ಗಿಡದ ಸಂಗಡ ಕರೆಂಟಿನ ತಂತಿ ಬಿದ್ದಿದ್ದರೆ ಪತ್ರಾಸು ಪೂರ್ತಿ ಕರೆಂಟು ಹಿಡಿದಿರುತ್ತದೆ, ಒದ್ದೆ ನೆಲವೂ ಅಷ್ಟೇ. ಹತ್ತಿರ ಹೋಗದೆ 1912ಕ್ಕೆ ಫೋನು ಮಾಡಿ ಲೈನು ಬಂದ್ ಮಾಡಿಸಿ. ಯಾರಾದರೂ ಸಿಕ್ಕಿಕೊಂಡಿದ್ದರೆ 112, ಗಾಯವಾಗಿದ್ದರೆ 108. ಕತ್ತಲಲ್ಲಿ ಯಾರೂ ಮಾಡಿನ ಮೇಲೆ ಹತ್ತಬೇಡಿ. ಬಾಗಿ ನಿಂತ ಟೊಂಗೆ ಬಿಲ್ಲಿನ ಹಾಗೆ, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಚಿಮ್ಮಿ ಎದೆಗೆ ಬಡಿಯುತ್ತದೆ. ಗಿಡ ಕಡಿಯುವ ರೂಢಿ ಇದ್ದವರೇ ಕಡಿಯಲಿ.

ಕೊಡಲಿ ಮುಟ್ಟುವ ಮೊದಲು ಫೋಟೋ. ಇದನ್ನು ನಾನು ನೂರು ಸಲ ಹೇಳುತ್ತೇನೆ. ಈಗ ಮನೆಮನೆಗೆ ಮೊಬೈಲು ಇದೆ, ರೀಲ್ಸ್ ನೋಡುವುದಕ್ಕೆ ಮಾತ್ರ ಅಲ್ಲ ಅದು. ನಾಲ್ಕೂ ದಿಕ್ಕಿನಿಂದ, ಒಳಗಿನಿಂದ, ಬಿರುಕು ಬಿಟ್ಟ ಗೋಡೆಯದು, ಸತ್ತ ದನಕರುಗಳದು, ನೆನೆದ ಕಾಳಿನದು. ಆಮೇಲೆ ತಾಡಪತ್ರಿ ಹಾಕಿಕೊಳ್ಳಿ. ತಾಡಪತ್ರಿಯ, ಕೂಲಿಯ, ಹೊಸ ಪತ್ರಾಸಿನ ಪಾವತಿ ಜೋಪಾನ. ಅದೇ ದಿನ ತಲಾಠಿಗೂ ಗ್ರಾಮಪಂಚಾಯಿತಿಗೂ ಅರ್ಜಿ ಹೋಗಬೇಕು, ಒಂದು ಪ್ರತಿಯ ಮೇಲೆ ತಾರೀಖು ಸಮೇತ ಸಿಕ್ಕಾ ಹಾಕಿಸಿ ಪೋಚ್ ತೆಗೆದುಕೊಳ್ಳಬೇಕು. ಬಾಯಿಮಾತಿಗೆ ಪೋಚ್ ಇಲ್ಲ.

ಪಂಚನಾಮೆ ಬರೆದ ಮೇಲೆ ಪೂರ್ತಿ ಓದಿಸಿ ಕೇಳಿ. ಎಷ್ಟು ಖೋಲಿ, ಎಷ್ಟು ಟಕ್ಕೆ, ಕಚ್ಚಾ ಎಂದು ಬರೆದಿದ್ದಾರೋ ಪಕ್ಕಾ ಎಂದೋ? ಒಪ್ಪಿಗೆ ಇಲ್ಲದಿದ್ದರೆ ಸಹಿಯ ಮೇಲೆ ಕನ್ನಡದಲ್ಲಿಯೇ "ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ" ಎಂದು ಬರೆಯಿರಿ. ಪ್ರತಿ ಕೇಳಿ. ಕೊಡದಿದ್ದರೆ ಅದರದ್ದೇ ಒಂದು ಫೋಟೋ.

ಬೀಳುವ ಮೊದಲಿನ ಮಾತು ಇನ್ನೂ ದೊಡ್ಡದು. 2023ರ ಏಪ್ರಿಲ್ 9ರ ರಾತ್ರಿ ನಮ್ಮದೇ ರಾಜ್ಯದ ಅಕೋಲಾ ಜಿಲ್ಲೆಯ ಪಾರಸದಲ್ಲಿ ದೇವಸ್ಥಾನದ ಪತ್ರಾಸಿನ ಶೆಡ್ಡಿನ ಮೇಲೆ ಹಳೆಯ ಬೇವಿನ ಗಿಡ ಬಿದ್ದು ಏಳು ಜನ ಸತ್ತರು. ಮಳೆಗಾಳಿ ಬಂತೆಂದು ಜನ ಆ ಶೆಡ್ಡಿನಲ್ಲಿ ಸೇರಿದ್ದರು. 2022ರ ಜುಲೈ 8ರಂದು ಚಂಡೀಗಡದ ಕಾರ್ಮೆಲ್ ಕಾನ್ವೆಂಟ್ ಶಾಲೆಯಲ್ಲಿ ಪಾರಂಪರಿಕ ವೃಕ್ಷ ಎಂದು ಫಲಕ ಹಾಕಿದ್ದ ಅರಳಿ ಮರ ಊಟದ ವೇಳೆಯಲ್ಲಿ ಬಿದ್ದು ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ನಮ್ಮ ಎಷ್ಟು ಶಾಲೆಗಳಲ್ಲಿ ಮಕ್ಕಳು ಗಿಡದ ನೆರಳಲ್ಲೇ ಊಟಕ್ಕೆ ಕೂರುತ್ತಾರೆ, ಎಣಿಸಿ ನೋಡಿ.

ಹಾಗೆಂದು ಗಿಡ ಕಡಿಯಿರಿ ಎನ್ನುತ್ತಿಲ್ಲ! ಆ ವಸ್ತಿಯಲ್ಲಿ ಹೆದರಿ ಮುಂದಿನ ವಾರವೇ ಮೂರು ಒಳ್ಳೆಯ ಬೇವಿನ ಗಿಡ ಕಡಿದು ಹಾಕಿದರು. ನಮ್ಮ ಬಿಸಿಲಿನಲ್ಲಿ ಪತ್ರಾಸಿನ ಮನೆಗೆ ಗಿಡದ ನೆರಳೇ ಆಸರೆ, ಈಗ ಮೇ ತಿಂಗಳಲ್ಲಿ ಒಳಗೆ ಕೂರಲು ಆಗುವುದಿಲ್ಲ. ಬೇರಿನ ಹತ್ತಿರ ಮಣ್ಣು ಎದ್ದಿದೆಯೇ, ಬುಡದಲ್ಲಿ ಪೊಟರೆ ಇದೆಯೇ, ಅಣಬೆ ಎದ್ದಿದೆಯೇ, ಗಟಾರಿಗೆ, ಪೈಪಿಗೆ ಚರಿ ತೋಡುವಾಗ ಒಂದು ಮಗ್ಗುಲಿನ ಬೇರು ಕಡಿದಿದ್ದಾರೆಯೇ ನೋಡಿ. ಭಾರದ ಟೊಂಗೆ ಕಳೆದರೆ ಎಷ್ಟೋ ಗಿಡ ಉಳಿಯುತ್ತವೆ. ಹುಣಸೆ, ಮಾವು 1964ರ ವೃಕ್ಷ ಕಾಯಿದೆಯ ಯಾದಿಯಲ್ಲಿವೆ, ಅವನ್ನು ಕಡಿಯಲು ಪರವಾನಗಿ ಬೇಕು.

ಬೇರೆಯವರ ಜಾಗದ ಗಿಡ ನಿಮ್ಮ ಮಾಡಿನ ಕಡೆ ವಾಲಿದ್ದರೆ ಜಗಳ ಬೇಡ, ಕಾಗದ ಬರೆಯಿರಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮು (ಮೊದಲು ಅದು 133 ಇತ್ತು) ಬಿದ್ದು ಅಪಾಯ ಮಾಡಬಹುದಾದ ಗಿಡವನ್ನು ತೆಗೆಯಿರಿ ಇಲ್ಲವೇ ಆಧಾರ ಕೊಡಿ ಎಂದು ಆದೇಶಿಸುವ ಅಧಿಕಾರವನ್ನು ಕಾರ್ಯಕಾರಿ ದಂಡಾಧಿಕಾರಿಗೆ ಕೊಟ್ಟಿದೆ. ಅಂದರೆ ನಮ್ಮ ಪ್ರಾಂತಾಧಿಕಾರಿ, ತಹಸೀಲದಾರರ ಬಳಿಗೇ ಅರ್ಜಿ. ಮೊದಲೇ ಬರೆದು ಕೊಟ್ಟಿದ್ದರೆ ಆಮೇಲೆ "ದೈವದ ಕೆಲಸ" ಎಂದು ಯಾರೂ ಕೈ ತೊಳೆದುಕೊಳ್ಳಲಾರರು.

ಇಷ್ಟೆಲ್ಲ ಯಾರು ಬರೆಯಬೇಕು ಎನ್ನುತ್ತೀರಿ. ಏಳನೆಯ ಇಯತ್ತೆಯ ಮಕ್ಕಳು! ಪತ್ರಲೇಖನ ಎಂದರೆ ನಾವು ಇನ್ನೂ ಗೆಳೆಯನಿಗೆ ಪ್ರವಾಸದ ಪತ್ರ, ಕಾಯಿಲೆಯ ರಜಾ ಅರ್ಜಿ ಬರೆಸುತ್ತಿದ್ದೇವೆ. ಅದರ ಬದಲು "ನಮ್ಮ ಮನೆ ಮೇಲೆ ಗಿಡ ಬಿದ್ದಿದೆ, ಪಂಚನಾಮೆ ಮಾಡಿರಿ" ಎಂದು ಬರೆಸಿ. ಒಂದು ಮಗ್ಗುಲಲ್ಲಿ ಕನ್ನಡ, ಹಿಂಬದಿಯಲ್ಲಿ ಅದೇ ವಿಷಯ ಮರಾಠಿಯಲ್ಲಿ. ಎರಡೂ ತಾಸಿಗೆ ಪಾಠವಾಯಿತು. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರುತ್ತಾರೆ. ಶಾಲೆಯ ಅಂಗಳದ ಅಪಾಯದ ಗಿಡವನ್ನು ಶಾಲಾ ವಿಕಾಸ ಆರಾಖಡ್ಯದಲ್ಲಿ ಅವರ ಕೈಯಿಂದಲೇ ಬರೆಸಿ.

ಆ ತಾಯಿಯ ಎರಡನೆಯ ಅರ್ಜಿಯನ್ನು ಹೀಗೆಯೇ ಬರೆಸಿದೆವು. ಅಕ್ಷರ ಹುಡುಗಿಯದು. ಕಚೇರಿಯಲ್ಲಿ ಕಾರಕೂನರು ತಿರುಗಿಸಿ ಮುರುಗಿಸಿ ನೋಡಿ, "ಕಾನಡಿ ಕಶಾಲಾ?" ಎಂದು ಕೇಳಿದರಂತೆ. ಹಿಂಬದಿ ನೋಡಿ ಸಿಕ್ಕಾ ಹೊಡೆದರು. ಮರು ಪಂಚನಾಮೆ ಆಗಲಿಲ್ಲ, ಹಣ ಬರಲಿಲ್ಲ. ಓಡಾಟಕ್ಕೆ ಆಕೆಯ ಮೂರು ದಿನದ ಕೂಲಿ ಹೋಯಿತು. ಕನ್ನಡ ಅರ್ಜಿಯ ಮೇಲೆ ಸಿಕ್ಕಾ ಬಿದ್ದ ಆ ಪೋಚ್ ಮಾತ್ರ ನನ್ನ ಕಪಾಟಿನಲ್ಲಿದೆ. ಮಾದರಿಗೆ ಬೇಕಾದ ಶಿಕ್ಷಕರು ಶನಿವಾರ ಬಂದರೆ ಹೆಸರು ಮುಚ್ಚಿ ಝೆರಾಕ್ಸ್ ಕೊಡುತ್ತೇನೆ.